ಹಿತ್ತಾಳೆಯ ಮಾದರಿ ಎಂಜಿನ್ನಿಗೆ ಬಣ್ಣ ಹಚ್ಚಬಹುದೇ?

ಪ್ರಶ್ನೆ (ವಾಡಿ): ವಾಡಿ ಜಂಕ್ಷನ್ನಿನ ರೈಲುಗಳನ್ನು ನೋಡುತ್ತಲೇ ಬೆಳೆದ ನನಗೆ 1:87 ಅಳತೆಯ ಹಿತ್ತಾಳೆಯ ಉಗಿ ಎಂಜಿನ್ ಒಂದು ಹಳೆಯ ಸಂಗ್ರಹದಿಂದ ದೊರೆತಿದೆ. ಬಣ್ಣವಿಲ್ಲದ, ಕೈಬೆಸುಗೆಯ ಗುರುತುಗಳಿರುವ ಇದು ಮಾರಾಟಕ್ಕೆ ಮುನ್ನ ತಯಾರಿಸಿದ ಮೊದಲ ನಮೂನೆಯೆಂದು ಮಾರಿದವರು ಹೇಳಿದರು. ಮೋಟಾರು ತಿರುಗಿದರೂ ಚಕ್ರಗಳು ಅಲುಗುವುದಿಲ್ಲ. ಸರಿಪಡಿಸಿ ಬಣ್ಣ ಹಚ್ಚಲೇ?

ಉತ್ತರ (ಕಲಬುರಗಿ): ಮಾನ್ಯರೇ, ದಯವಿಟ್ಟು ಬಣ್ಣ ಹಚ್ಚಬೇಡಿ. ತಯಾರಕರು ಎಲ್ಲಿ ತಿದ್ದಿದರು, ಯಾವ ತೂತನ್ನು ಮುಚ್ಚಿ ಮತ್ತೆ ಕೊರೆದರು ಎಂಬುದನ್ನು ತೋರಿಸುವ ಆ ಗುರುತುಗಳೇ ಅದು ನಮೂನೆ ಎಂಬುದಕ್ಕೆ ಇರುವ ಸಾಕ್ಷ್ಯ. ಬಣ್ಣದಡಿ ಅವು ಮುಚ್ಚಿಹೋಗುತ್ತವೆ. ಮೋಟಾರನ್ನೂ ಗೇರುಪೆಟ್ಟಿಗೆಯನ್ನೂ ಜೋಡಿಸುವ ರಬ್ಬರ್ ಕೊಳವೆ ವರ್ಷಗಳು ಕಳೆದಂತೆ ಗಡುಸಾಗಿ ಸೀಳುವುದು ಸಾಮಾನ್ಯವಾದ್ದರಿಂದ ಮೊದಲು ಅದನ್ನು ನೋಡಿ, ಅದೇ ಅಳತೆಯ ಸಿಲಿಕೋನ್ ಕೊಳವೆ ಹಾಕಿ. ತೆಗೆದ ತುಂಡನ್ನು ಎಸೆಯದೆ ಚೀಟಿ ಬರೆದು ಎತ್ತಿಡಿ.

ಉತ್ತರ (ಬೀದರ್): ಎಂಜಿನ್ನಿನಲ್ಲಿ ಸತುವಿನ ಎರಕದ ಭಾಗಗಳಿದ್ದರೆ ಬಿರುಕುಗಳನ್ನೂ ಪರೀಕ್ಷಿಸಿ. ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಎರಕ ಒಳಗಿನಿಂದಲೇ ಉಬ್ಬಿ ಒಡೆಯುತ್ತದೆ. ಅದಕ್ಕೆ ಮದ್ದಿಲ್ಲ, ಭಾಗವನ್ನೇ ಬದಲಿಸಬೇಕು. ಸೆಕೆ ಮತ್ತು ತೇವ ಅದನ್ನು ಹೆಚ್ಚಿಸುವುದರಿಂದ ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ಇಡಬೇಡಿ.

ಪ್ರಶ್ನಿಸಿದವರು: ಕೊಳವೆ ನಿಜಕ್ಕೂ ಸೀಳಿತ್ತು. ಬಣ್ಣದ ವಿಚಾರವನ್ನು ಕೈಬಿಟ್ಟಿದ್ದೇನೆ. ತಮ್ಮಿಬ್ಬರಿಗೂ ವಂದನೆಗಳು.