ಸಹಾಯ ಬೇಕು: ಪ್ರಾಣಿಗಳ ಜೊತೆ ಕ್ರಿಯಾಪದ ಕಲಿಸೋ ಚಿತ್ರಪುಸ್ತಕ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 2 ವರ್ಷ. ಆನೆ, ಮೊಲ, ಕಪ್ಪೆ ಅಂತ ಚಿತ್ರ ನೋಡಿ ಪಟಪಟ ಹೆಸರು ಹೇಳ್ತಾಳೆ. ‘ಏನ್ ಮಾಡ್ತಿದೆ?’ ಅಂದ್ರೆ ಸುಮ್ಮನಾಗ್ತಾಳೆ. ಪ್ರಾಣಿ ಕಣ್ಣೆದುರೇ ಇರುತ್ತೆ, ಕ್ರಿಯೆ ಹಾಗಲ್ಲ, ಅಲುಗಾಡದ ಚಿತ್ರದಲ್ಲಿ ಅದನ್ನ ಹಿಡಿಯೋದು ಮಗುವಿಗೆ ಕಷ್ಟ. ಹಾಗಾಗಿ ಪಟ್ಟಿ ಎಳೆದರೆ ಕಪ್ಪೆ ಕುಪ್ಪಳಿಸುವ, ಹಾಳೆಯ ಮಡಿಕೆ ತೆರೆದರೆ ಹಾವು ಹರಿದುಹೋಗುವ ಥರದ ಪುಸ್ತಕ ಹುಡುಕ್ತಿದ್ದೇನೆ.

ಕನ್ನಡದ್ದೇ ಬೇಕು. ತೆವಳು, ನೆಗೆ, ಕುಪ್ಪಳಿಸು, ಮೆಲುಕು ಹಾಕು, ಎಷ್ಟು ಚೆಂದದ ಮಾತುಗಳಿವೆ! ಎಲ್ಲವೂ ‘ಜಂಪ್ ಮಾಡು’ ಆಗಿಬಿಟ್ಟರೆ ಸಂಕಟ ಆಗುತ್ತೆ. ಹಾಳೆ ದಪ್ಪ ರಟ್ಟಿನದಾಗಿರಲಿ. ಆ್ಯಪ್ ಬೇಡ.

ನಿಮ್ಮ ಮಕ್ಕಳು ಮತ್ತೆ ಮತ್ತೆ ಓದಿಸಿಕೊಂಡ ಪುಸ್ತಕ ಇದ್ದರೆ ದಯವಿಟ್ಟು ತಿಳಿಸಿ. ಮನೆಯಲ್ಲೇ ಮಾಡಿದವರು, ಎಳೆಯೋ ಪಟ್ಟಿ ಕಿತ್ತುಬರದ ಹಾಗೆ ಹೇಗೆ ಕೂರಿಸಿದಿರಿ?