ಪದ ಬೇಕು (ಅರ್ಜೆಂಟ್): ಎಲೆಕ್ಷನ್ ಮುಗೀಲಿ ಅಂತ ತೀರ್ಮಾನ ತಳ್ಳೋದಕ್ಕೆ ಏನಂತೀರಿ?

ಎಲ್ರಿಗೂ ನಮಸ್ಕಾರ. ನಾಳೆ ಹನ್ನೊಂದು ಗಂಟೆಗೆ ಫ್ಲೆಕ್ಸ್ ಪ್ರಿಂಟಿಗೆ ಕೊಡ್ಬೇಕು, ಒಂದು ಹೆಡ್ಡಿಂಗ್ ಸಿಗ್ತಿಲ್ಲ. ಕಾಲೇಜಿನ ರಾಜ್ಯಶಾಸ್ತ್ರ ಪ್ರದರ್ಶನಕ್ಕೆ ಪ್ಯಾನೆಲ್ ಮಾಡ್ತಿದೀವಿ, ಜನ ಬೈಯ್ಯೋ ಅಂಥ ತೀರ್ಮಾನಗಳನ್ನ ವೋಟು ಬೀಳೋ ತನಕ ಇಟ್ಕೊಂಡಿದ್ದು ಆಮೇಲೆ ತೆಗೀತಾರಲ್ಲ, ಅದರ ಮೇಲೆ. 2018ರಲ್ಲಿ ದಿನಾ ಬದಲಾಗ್ತಿದ್ದ ಪೆಟ್ರೋಲ್ ರೇಟು ಏಪ್ರಿಲ್ 24ರಿಂದ ಅಲ್ಲಾಡ್ಲೇ ಇಲ್ಲ, ಮೇ 12ಕ್ಕೆ ನಮ್ಮ ವಿಧಾನಸಭೆಗೆ ಮತದಾನ, 14ಕ್ಕೆ ಮತ್ತೆ ಏರೋಕೆ ಶುರು. 2021ರ ನವೆಂಬರಲ್ಲಿ ನಿಂತಿದ್ದು ಯುಪಿ, ಪಂಜಾಬ್ ಫಲಿತಾಂಶ ಬಂದು ಹನ್ನೆರಡು ದಿನಕ್ಕೆ, 2022ರ ಮಾರ್ಚ್ 22ಕ್ಕೆ ಏರ್ತು. ರಾಜ್ಯದವರೂ ಕಮ್ಮಿ ಇಲ್ಲ, 2024ರ ಜೂನ್ 4ಕ್ಕೆ ಲೋಕಸಭೆ ಎಣಿಕೆ, 15ಕ್ಕೆ ಮಾರಾಟ ತೆರಿಗೆ ಏರಿಸಿ ಪೆಟ್ರೋಲಿಗೆ ಲೀಟರಿಗೆ 3 ರೂಪಾಯಿ ಜಾಸ್ತಿ.

ನಾನು 'ಚುನಾವಣಾ ಮುಂದೂಡಿಕೆ' ಅಂತ ಬರೆದಿದ್ದೆ. ನಮ್ಮ ಹೆಚ್‌ಓಡಿ ಓದಿ "ಯಾವ ಚುನಾವಣೆ ಮುಂದಕ್ಕೆ ಹೋಯ್ತಮ್ಮಾ" ಅಂದ್ರು. ಎರಡು ಪದ, ಜಾಸ್ತಿ ಅಂದ್ರೆ ಮೂರು. ದಯವಿಟ್ಟು.

-----
ಮರು:

'ಚುನಾವಣಾ' ಅನ್ನೋದೇ ತಪ್ಪು. ಚುನಾವ್ ಹಿಂದಿ, ಅದಕ್ಕೆ ಬದಲಾವಣೆ ಚಲಾವಣೆ ಥರ ಬಾಲ ಅಂಟಿಸಿ, ಸಾಲದು ಅಂತ ಕೊನೆಗೆ 'ಆ' ಹಾಕಿ ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಪದದ ಥರ ಮಾಡಿದ್ದು. ಈ ಗುಂಪಲ್ಲಿ ಎಷ್ಟು ಸಲ ಹೇಳಿದೀನೋ.
ನಿಮಗೆ ಬೇಕಾದ ಪದ ನೆನೆಗುದಿ. ನೆನೆ + ಕುದಿ, ನೆನೆಸ್ಕೊಂಡು ಒಳಗೇ ಕುದಿಯೋದು. ಇದಕ್ಕಿಂತ ಒಳ್ಳೇದು ಸಿಗಲ್ಲ.

-----
ಮರು:

ಸರ್, ನೆನೆ ಅಂದ್ರೆ ಅಕ್ಕಿ ನೆನೆಹಾಕೋ ನೆನೆ ಅಲ್ವಾ? ನೆನೆಯೋಕೆ ಬಿಟ್ಟು ಮರೆತ ಫೈಲು ಅಂತ ನಾನು ಅಂದ್ಕೊಂಡಿದ್ದೆ.

-----
ಮರು:

ಅಲ್ಲ. ತಮಿಳು ನೋಡಿ, ಯೋಚನೆಗೆ ನಿನೈ, ಒದ್ದೆಗೆ ನನೈ. ಹಳಗನ್ನಡದಲ್ಲೂ ಒದ್ದೆ ಆಗೋದು ನನೆ, ಈಗ ಎರಡೂ ಒಂದೇ ಥರ ಕೇಳುತ್ತೆ ಅಂತ ಅರ್ಥ ಒಂದಾಗಲ್ಲ. ಅಕ್ಕಿ ವಿಷಯ ಅಡಿಗೆಮನೇಲಿ ಇರ್ಲಿ.

-----
ಮರು:

> ಇದಕ್ಕಿಂತ ಒಳ್ಳೇದು ಸಿಗಲ್ಲ

ವ್ಯುತ್ಪತ್ತಿ ಸರಿ ಇರಬಹುದು, ಪದ ಇಲ್ಲಿಗೆ ಹೊಂದಲ್ಲ. ನೆನೆಗುದಿಗೆ 'ಬೀಳುತ್ತೆ', ಯಾರೂ ಬೀಳಿಸಲ್ಲ, ತಾನಾಗೇ ಬಿದ್ದಂಗೆ, ಪೇಪರಿನವರಿಗೆ ಅದಕ್ಕೇ ಅದು ಇಷ್ಟ, ಮಂತ್ರಿ ಹೆಸರು ಬರೀಬೇಕಿಲ್ಲ. ಮೇಡಂ ಕೇಳ್ತಿರೋದ್ರಲ್ಲಿ ಬೇಕಂತಲೇ ಇಟ್ಕೊಂಡವರು ಇದಾರೆ, ವಾಪಸ್ ತೆಗೆಯೋ ದಿನಾನೂ ಗೊತ್ತು. ಅಟ್ಟಕ್ಕೆ ಹಾಕೋದೂ ಆಗಲ್ಲ, ಅಟ್ಟ ಸೇರಿದ್ದು ಕೆಳಗೆ ಬರಲ್ಲ.

ಇನ್ನೊಂದು, ಪ್ಯಾನೆಲ್ಲಿಗೆ ಯಾರಾದ್ರೂ 2023ರ ಕರೆಂಟ್ ರೇಟು ಸೇರಿಸಿ ಅಂದ್ರೆ ಹುಷಾರು. ಮೇ 10ಕ್ಕೆ ಮತದಾನ, 12ಕ್ಕೆ ಕೆಇಆರ್‌ಸಿ (ರಾಜ್ಯದ ಕರೆಂಟ್ ರೇಟು ನಿಗದಿ ಮಾಡೋ ಆಯೋಗ) ಯೂನಿಟ್ಟಿಗೆ 70 ಪೈಸೆ ಏರಿಸ್ತು, ನೋಡೋಕೆ ಅದೇ ಕಥೆ. ಆದ್ರೆ ಏರಿಸಿದ್ದು ಮಂತ್ರಿಗಳಲ್ಲ, ಆಯೋಗ, ಮಧ್ಯದಲ್ಲಿ ನೀತಿ ಸಂಹಿತೆ ಬೇರೆ ಇತ್ತು. ನಿಯಮಕ್ಕೆ ತಡ ಆಗೋದಕ್ಕೂ ವೋಟಿಗೆ ಹೆದರಿ ತಡ ಮಾಡೋದಕ್ಕೂ ಒಂದೇ ಪದ ಹಾಕ್ಬೇಡಿ. ಹಾಗೇ ನೋಡಿದ್ರೆ ನಿಮ್ಮ ಹೆಚ್‌ಓಡಿ ಕೇಳಿದ್ದೂ ತಪ್ಪಲ್ಲ, ಬೆಂಗಳೂರು ಪಾಲಿಕೆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಲ್ಲೇ ಮುಗೀತು, ಅಲ್ಲಿ ವರ್ಷಗಟ್ಟಲೆ ತಳ್ಳಿದ್ದು ಚುನಾವಣೆನೇ.

-----
ಮರು:

ಸಂಸ್ಕ್ರುತ ಬೇಡ, ಹಿಂದಿನೂ ಬೇಡ. 'ಆಯ್ಕೆಬಳಿಕದೂಡಿಕೆ' ಅನ್ನಿ. ಆಯ್ಕೆ, ಬಳಿಕ, ದೂಡು, ಮೂರೂ ನಮ್ಮವೇ. ಮೊದಲು ಬಳಸಲು ಶುರು ಮಾಡಿ, ಬಾಶೆ ತಾನಾಗೇ ಬೆಳೆಯುತ್ತೆ.

-----
ಮರು:

ಈ ಪದ ಹಾಕಿದ್ರೆ ಅರ್ಥ ಹೇಳೋಕೆ ಪಕ್ಕದಲ್ಲಿ ಇನ್ನೊಂದು ಫ್ಲೆಕ್ಸ್ ಬೇಕು.

-----
ಮರು:

ನಮ್ಮ ಧಾರವಾಡ ಕಡೆ ಇದಕ್ಕ ಸರಳ ಮಾತೈತ್ರಿ, ವಾಯಿದೆ. ಕೋರ್ಟಿನ್ಯಾಗ ವಕೀಲ್ರು ವಾಯಿದೆ ತಗೋತಾರಲ್ರಿ, ಯಾರ್ ತಗೊಂಡ್ರು ಅಂತ ಗೊತ್ತಿರ್ತೈತಿ, ಯಾವ ತಾರೀಖಿಗೆ ಅಂತನೂ ಗೊತ್ತಿರ್ತೈತಿ. ಸರ್ಕಾರದವ್ರೂ ಮತದಾರರ ಕಡಿಂದ ವಾಯಿದೆ ತಗೊಂಡಾರ, ಕೇಳಲಾರದ. 'ಓಟಿನ ವಾಯಿದೆ' ಅಂತ ಬರೀರಿ ಅಕ್ಕಾರ, ಎರಡ ಶಬ್ದ.

-----
ಮರು:

ವಾಯಿದೆ ಅರಬ್ಬಿ. ಓಟು ಇಂಗ್ಲಿಶ್. ಎರಡು ಪದದಲ್ಲಿ ಕನ್ನಡ ಅಂತ ಉಳಿದಿದ್ದು 'ಇನ'.

-----
ಮರು:

ಉಳೀತಲ್ಲ, ಸಾಕು. ನೀವು ಕೂತಿರೋ ಕುರ್ಚಿ, ಬಾಡಿಗೆ ಕಟ್ಟಿ ತಗೊಳ್ಳೋ ರಸೀದಿ, ಹಾಕೋ ಸಹಿ, ಎಲ್ಲಾ ಅರಬ್ಬಿ, ಪಾರ್ಸಿಯಿಂದಾನೇ ಬಂದಿದ್ದು. ಮೊದಲು ಅವನ್ನ ವಾಪಸ್ ಕಳ್ಸಿ, ಆಮೇಲೆ ವಾಯಿದೆ ಬಗ್ಗೆ ಮಾತಾಡೋಣ.

-----
ಮರು:

ಕುರ್ಚಿಗೆ ಮಣೆ ಇದೆ. ಸಹಿಗೆ ಒಪ್ಪ ಇದೆ. ಬಳಸದೇ ಇರೋದು ನಿಮ್ಮ ಸೋಂಬೇರಿತನ.

-----
ಮರು:

ಮಣೆ ಮೇಲೆ ಕೂತು ಆಫೀಸ್ ಕೆಲಸ ಮಾಡಿ ತೋರ್ಸಿ ಸ್ವಾಮಿ.

-----
ಮರು:

ಎಲ್ರಿಗೂ ಥ್ಯಾಂಕ್ಸ್. 'ಓಟಿನ ವಾಯಿದೆ' ಅಂತಲೇ ಹಾಕ್ತಿದೀನಿ, ಧಾರವಾಡದ ಸರ್‌ಗೆ ವಿಶೇಷ ಥ್ಯಾಂಕ್ಸ್. ಹೆಚ್‌ಓಡಿಗೆ ಫೋನ್ ಮಾಡಿ ಓದಿ ಹೇಳ್ದೆ, ಅವರು ಹಳೇ ಮೈಸೂರಿನವರು, "ಅವಧಿ ಅಂತ ಹಾಕಬಹುದಿತ್ತಲ್ಲ" ಅಂದ್ರು, ಕೇಳಿಸ್ಲಿಲ್ಲ ಅಂತ ಇಟ್ಬಿಟ್ಟೆ.

-----
ಮರು:

ನೆನೆಗುದಿ ಬಗ್ಗೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಅಕ್ಕಿಯವರು ಎಲ್ಲಿದೀರಿ?