ಪದಚರ್ಚೆ: ಡಿಜಿಟಲ್ ಸಹಿಯ ಕಡತಕ್ಕೆ ‘ದೃಢೀಕರಣ’ ಸಾಕೇ, ‘ತಾಳೆ’ ಬೇಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಡಿಜಿಟಲ್ ಸಹಿ ಇರುವ ಕಡತಗಳನ್ನು ಕಾಪಾಡುವುದು ಹೇಗೆ ಅಂತ ಸರ್ಕಾರಿ ಕಚೇರಿಗಳ ರೆಕಾರ್ಡ್ ರೂಮ್ ಸಿಬ್ಬಂದಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ದೃಢೀಕರಣ’ ಅನ್ನುವ ಪದದ ಹತ್ತಿರ ಬಂದಾಗಲೆಲ್ಲ ಕೆಲಸ ನಿಲ್ಲುತ್ತಿದೆ.

ಆಧಾರ್‌ಗೆ ಬೆರಳು ಒತ್ತುವುದು ದೃಢೀಕರಣ. ಗೆಜೆಟೆಡ್ ಅಧಿಕಾರಿ ಜೆರಾಕ್ಸ್ ಮೇಲೆ ಸಹಿ ಮಾಡಿ ಮೊಹರು ಹಾಕುವುದೂ ದೃಢೀಕರಣ. ತಾಲ್ಲೂಕು ಕಚೇರಿಯಲ್ಲಿ ಸಿಗುವುದು ದೃಢೀಕೃತ ನಕಲು. ಈಗ ಪಿಡಿಎಫ್ ತೆರೆದಾಗ ಸಾಫ್ಟ್‌ವೇರ್ ಸಹಿಯನ್ನು ಪರೀಕ್ಷಿಸಿ ಹಸಿರು ಗುರುತು ತೋರಿಸುತ್ತದಲ್ಲ, ಅದನ್ನೂ ದೃಢೀಕರಣ ಅಂತಲೇ ಬರೆಯುತ್ತಾರೆ. ಮೊದಲನೆಯದು ಎದುರಿಗಿರುವ ಮನುಷ್ಯ ಯಾರು ಅನ್ನುವ ಪ್ರಶ್ನೆ. ನಡುವಿನ ಎರಡು, ನಕಲು ಮೂಲದ ಹಾಗೇ ಇದೆಯಾ ಅನ್ನುವ ಪ್ರಶ್ನೆ. ಕೊನೆಯದು ಬೇರೆಯೇ. ಸಹಿ ಬಿದ್ದ ಮೇಲೆ ಕಡತದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ಸಹಿಯ ಸರ್ಟಿಫಿಕೇಟ್ (ಸಹಿ ಯಾರದ್ದು ಅಂತ ಹೇಳುವ ಡಿಜಿಟಲ್ ಪತ್ರ) ಆ ಹೊತ್ತಿನಲ್ಲಿ ಚಾಲ್ತಿಯಲ್ಲಿತ್ತು ಅನ್ನುವುದನ್ನು ಅದು ಹೇಳಬೇಕು.

ಪದ ಒಂದೇ ಆದಾಗ ಕೆಲಸವೂ ಒಂದೇ ಅಂದುಕೊಳ್ಳುವುದು ಸಹಜ. ಡಿಜಿಟಲ್ ಸಹಿಯ ಆದೇಶವನ್ನು ಪ್ರಿಂಟ್ ತೆಗೆದು, ಮೊಹರು ಹಾಕಿ ಕಡತಕ್ಕೆ ಸೇರಿಸಿ, ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿಬಿಟ್ಟರೆ ‘ದೃಢೀಕರಣ ಆಯ್ತು’ ಅನ್ನಿಸುತ್ತದೆ. ಆದರೆ ಕಾಗದದ ಮೇಲೆ ಉಳಿಯುವುದು ಅಧಿಕಾರಿಯ ಹೆಸರು ಮತ್ತು ತಾರೀಖು ಮಾತ್ರ. ಸಹಿ ಇದ್ದದ್ದು ಅಳಿಸಿದ ಫೈಲಿನೊಳಗೆ. ಅಪ್‌ಲೋಡ್ ಆಗಲಿ ಅಂತ ಪಿಡಿಎಫ್ ಗಾತ್ರ ಇಳಿಸಿದರೂ, ನಾಲ್ಕು ಆದೇಶ ಸೇರಿಸಿ ಒಂದೇ ಫೈಲ್ ಮಾಡಿದರೂ ಅದೇ ಗತಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಸೆಕ್ಷನ್ ಇದನ್ನೇ ಕೇಳುತ್ತದೆ: ದಾಖಲೆ ಹುಟ್ಟಿದ ರೂಪದಲ್ಲೇ ಇರಬೇಕು, ಇಲ್ಲವೇ ಮೂಲದ ಮಾಹಿತಿಯನ್ನು ನಿಖರವಾಗಿ ತೋರಿಸುವ ರೂಪದಲ್ಲಿರಬೇಕು.

ಹಾಗಾದರೆ ಕೊನೆಯ ಅರ್ಥಕ್ಕೆ ಯಾವ ಪದ? ಮೊದಲು ಹೊಳೆದದ್ದು ‘ಸಿಂಧುತ್ವ ಪರೀಕ್ಷೆ’. ಸಿಂಧು, ಅಸಿಂಧು ಕಚೇರಿಗಳಲ್ಲಿ ಚೆನ್ನಾಗಿ ಬಳಕೆಯಲ್ಲಿವೆ. ಆದರೆ ಸಿಂಧುತ್ವ ಕಾನೂನು ಹೇಳಬೇಕಾದ ಮಾತು, ಸಾಫ್ಟ್‌ವೇರ್ ಹೇಳುವುದಲ್ಲ. ಬಹಳ ಸಲ ಹಸಿರು ಗುರುತಿನ ಬದಲು ಹಳದಿ ಪ್ರಶ್ನೆ ಚಿಹ್ನೆ ಬರುತ್ತದೆ, ಜನ ಹೆದರುತ್ತಾರೆ. ಸಾಮಾನ್ಯವಾಗಿ ಅದರ ಅರ್ಥ ಇಷ್ಟೇ: ಭಾರತದ ಮೂಲ ಸರ್ಟಿಫಿಕೇಟ್, ಅಂದರೆ ಇಲ್ಲಿನ ಸಹಿಯ ಸರ್ಟಿಫಿಕೇಟುಗಳಿಗೆಲ್ಲ ಬುಡವಾದದ್ದು, ಆ ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿಲ್ಲ. ಅಂಥ ಕಡತವನ್ನು ಅಸಿಂಧು ಅಂತ ಪಕ್ಕಕ್ಕಿಟ್ಟರೆ ಅನ್ಯಾಯ ಅಲ್ವಾ?

ನನಗೆ ಒಪ್ಪಿಗೆಯಾಗುವುದು ‘ತಾಳೆ’. ಅಧಿಕಾರಿ ಡಾಂಗಲ್ (ಸಹಿಯ ಕೀಲಿ ಇರುವ, ಪೆನ್‌ಡ್ರೈವ್‌ನಂಥ ಸಾಧನ) ಹಾಕಿ ಸಹಿ ಮಾಡಿದಾಗ ಫೈಲಿನಿಂದ ಹ್ಯಾಶ್ ಅನ್ನುವ ಒಂದು ಸಂಖ್ಯೆ ಲೆಕ್ಕವಾಗಿ ಸಹಿಯೊಳಗೆ ಸೇರುತ್ತದೆ. ಮುಂದೆ ಯಾರಾದರೂ ಪರೀಕ್ಷಿಸಿದಾಗ ಸಾಫ್ಟ್‌ವೇರ್ ಅದೇ ಲೆಕ್ಕವನ್ನು ಮತ್ತೆ ಮಾಡಿ, ಎರಡೂ ಹೊಂದುತ್ತವಾ ಅಂತ ನೋಡುತ್ತದೆ. ನಕಲು ವಿಭಾಗದವರು ಮೂಲವನ್ನೂ ನಕಲನ್ನೂ ಅಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡುವ ಕೆಲಸವೇ ಇದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲೂ ಹ್ಯಾಶ್ ಬರೆಯಬೇಕು. ಹಾಗಾಗಿ ಹ್ಯಾಶ್ ಅನ್ನು ಹ್ಯಾಶ್ ಅಂತಲೇ ಬಿಡುತ್ತೇನೆ.

ತಾಳೆ ಒಪ್ಪಿದರೆ ಇನ್ನೊಂದು ಗಂಟೂ ಬಿಚ್ಚುತ್ತದೆ. ಸಹಿಯ ಸರ್ಟಿಫಿಕೇಟಿನ ಆಯುಸ್ಸು ಹೆಚ್ಚೆಂದರೆ ಎರಡು ಮೂರು ವರ್ಷ. ಮ್ಯುಟೇಷನ್ ದಾಖಲೆ, ಅಂದರೆ ಜಮೀನಿನ ಹಕ್ಕು ಬದಲಾದ ದಾಖಲೆ, ತಲೆಮಾರುಗಳ ಕಾಲ ಬೇಕು. ಸರ್ಟಿಫಿಕೇಟ್ ಮುಗಿದರೆ ಹಿಂದೆ ಹಾಕಿದ ಸಹಿ ಬಿದ್ದುಹೋಗುವುದಿಲ್ಲ, ಆದರೆ ಅವತ್ತು ಅದು ಚಾಲ್ತಿಯಲ್ಲಿತ್ತು ಅಂತ ತೋರಿಸಲು ಪುರಾವೆ ಇರಬೇಕು. ಅಮೆರಿಕದ ರಾಷ್ಟ್ರೀಯ ದಾಖಲಾಗಾರ 2000ದಲ್ಲೇ ತನ್ನ ಸರ್ಕಾರಿ ಇಲಾಖೆಗಳಿಗೆ ಎರಡು ದಾರಿ ಹೇಳಿತ್ತು. ಒಂದು, ಸಹಿಯಾದ ಹೊತ್ತಿನಲ್ಲೇ ಪರೀಕ್ಷಿಸಿ ಅದರ ಫಲಿತಾಂಶವನ್ನು ದಾಖಲೆಯ ಜೊತೆ ಇಡುವುದು. ಇನ್ನೊಂದು, ಮುಂದೆ ಯಾವಾಗ ಬೇಕಾದರೂ ಸಹಿಯನ್ನು ಮತ್ತೆ ಪರೀಕ್ಷಿಸುವ ವ್ಯವಸ್ಥೆಯನ್ನೇ ಉಳಿಸಿಕೊಳ್ಳುವುದು. ಕಾಯಂ ದಾಖಲೆಯಾದರೆ ಸಹಿ ಮಾಡಿದವರ ಹೆಸರು, ತಾರೀಖು ಕಣ್ಣಿಗೆ ಓದುವ ಹಾಗೆ ಇರಲೇಬೇಕು ಅಂತಲೂ ಹೇಳಿತ್ತು. ಮೊದಲ ದಾರಿಗೆ ‘ತಾಳೆ ಷರಾ’ (ಷರಾ ಅಂದರೆ ಕಡತದಲ್ಲಿ ಬರೆದಿಡುವ ಟಿಪ್ಪಣಿ), ಎರಡನೆಯದಕ್ಕೆ ‘ಮರುತಾಳೆ’ ಅಂತ ಬರೆದಿದ್ದೇನೆ. ನಮ್ಮ ತಾಲ್ಲೂಕು ಕಚೇರಿಗಳಿಗೆ ತಾಳೆ ಷರಾ ದಾರಿಯೇ ಸುಲಭ ಅಂತ ನನ್ನ ಅಭಿಪ್ರಾಯ. ಮೂವತ್ತು ವರ್ಷ ಹಳೆಯ ಸಾಫ್ಟ್‌ವೇರನ್ನು ಅಲ್ಲಿ ಯಾರು ನಡೆಸುತ್ತಾರೆ?

ಈಗ ನಿಮ್ಮಿಂದ ಬೇಕಾದದ್ದು. ದಾಖಲೆ ಎಲ್ಲೂ ಬದಲಾಗದೆ ಉಳಿದಿರುವ ಗುಣಕ್ಕೆ, ಅಂದರೆ ಇಂಟಿಗ್ರಿಟಿಗೆ, ಏನನ್ನಬೇಕು? ನಿಘಂಟು ನೋಡಿದರೆ ‘ಸಮಗ್ರತೆ’ ಸಿಗುತ್ತದೆ. ಅದನ್ನು ಕೇಳಿದರೆ ದೇಶದ ಏಕತೆ, ಸಮಗ್ರತೆ ನೆನಪಾಗುತ್ತದೆ, ಕಡತವಲ್ಲ. ಹಳೆಯ ಪತ್ರಗಳ ಬಗ್ಗೆ ‘ಚಿತ್ತುಕಾಟು ಇಲ್ಲದ’ ಅನ್ನುವ ಚೆಂದದ ಮಾತಿದೆ. ಆದರೆ ಚಿತ್ತು ಕಣ್ಣಿಗೆ ಕಾಣುತ್ತದೆ. ಫೈಲಿನಲ್ಲಿ ಮಾಡಿದ ತಿದ್ದುಪಡಿ ಕಾಣುವುದೇ ಇಲ್ಲ, ತಾಳೆ ನೋಡಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಕಂದಾಯ, ನೋಂದಣಿ ಅಥವಾ ಕೋರ್ಟಿನ ನಕಲು ವಿಭಾಗದಲ್ಲಿ ಕೆಲಸ ಮಾಡಿದವರು ಬಳಗದಲ್ಲಿದ್ದರೆ, ಈ ಅರ್ಥಕ್ಕೆ ನಿಮ್ಮ ಕಡೆ ಬಳಸುತ್ತಿದ್ದ ಮಾತು ಯಾವುದು ಅಂತ ದಯವಿಟ್ಟು ತಿಳಿಸಿ. ‘ತಾಳೆ ಷರಾ’ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ ಅನ್ನುವುದನ್ನೂ ಬರೆಯಿರಿ.